ಮಿರಜಿಗೆ ಹೋಗದೆ ಜವಾರಿ ತೆಗೆದದ್ದು

ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಸಿತಾರ್ ಇದೆ, ಆದರೆ ತಂತಿಗಳನ್ನು ಹೊರುವ ಪಟ್ಟಿ, ಅಂದರೆ ಕುದುರೆಗೆ ಅರ ಹಚ್ಚಿದವನು ನಾನೇ ಮೊದಲು. ಅದರ ಮೈ ತಿಕ್ಕಿ ತಂತಿಗೆ ಝೇಂಕಾರ ಬರಿಸೋದೇ ಜವಾರಿ. "ಬಾರಿಸೋದು ನಮ್ಮ ಕೆಲಸ, ತಿಕ್ಕೋದು ಮಿರಜಿನವರದು" ಅಂತ ಅಪ್ಪ ಬಯ್ಯುತ್ತಲೇ ಇದ್ದರು. ಮಹಾರಾಷ್ಟ್ರದ ಮಿರಜ್ ಅಂದರೆ ಸಿತಾರ್ ಮಾಡುವವರ ಊರು. 2024ರಲ್ಲಿ ಮಿರಜಿನ ಸಿತಾರಿಗೆ ಜಿಐ ಟ್ಯಾಗ್ ಸಿಕ್ಕಿದ ಮೇಲಂತೂ ಅವರ ಮಾತಿಗೆ ಇನ್ನೊಂದು ಸಾಕ್ಷಿ ಆಯಿತು.

ಧಾರವಾಡದಿಂದ ರೈಲು, ಒಂದು ರಾತ್ರಿ ವಸತಿ, ಮಜೂರಿ, ಎಲ್ಲಾ ಸೇರಿ ಪ್ರತಿ ಸಲ 2,500ರ ಹತ್ತಿರ. ಮೀಂಡ್ (ತಂತಿ ಪಕ್ಕಕ್ಕೆ ಎಳೆದು ಸ್ವರ ಜಾರಿಸೋದು) ಜಾಸ್ತಿ ಎಳೆಯುವ ನನಗೆ ನಾಲ್ಕೇ ತಿಂಗಳಿಗೆ ಮುಖ್ಯ ತಂತಿಯಾದ ಬಾಜ್ ತಂತಿಯ ಕೆಳಗೆ ಗೀರು ಬೀಳುತ್ತದೆ. ಒಮ್ಮೆ ಸಂಗೀತದ ಬೈಠಕ್‌ಗೆ ಎರಡು ದಿನ ಮುಂಚೆ ಒಬ್ಬ ಕಾರೀಗರ ಜವಾರಿ ಎಷ್ಟು ತೆರೆದು (ಝೇಂಕಾರ ಹೆಚ್ಚಿಸಿ) ಕೊಟ್ಟ ಅಂದರೆ, ಯಮನ್ ರಾಗದ ಗಾಂಧಾರ ಸ್ವರ ಡಬ್ಬಿಯೊಳಗಿನ ನೊಣದ ಹಾಗೆ ಗುಂಯ್‌ಗುಟ್ಟಿತು. ಅವತ್ತೇ ಅರ ಕೊಂಡೆ.

ಮೊದಲು ಹಾಳಾದದ್ದು ಒಂಟೆ ಎಲುಬಿನ ಕುದುರೆಗಳು. ನಾಲ್ಕೋ ಐದೋ. ಸುಮಾರು 4,000 ರೂಪಾಯಿ ಪುಡಿಯಾಗಿ ನೆಲಕ್ಕೆ ಬಿತ್ತು, ಮನೆ ತುಂಬಾ ದಂತವೈದ್ಯರ ಅಂಗಡಿ ವಾಸನೆ. ಅಜ್ಜನ ಸಿತಾರಿನದು ಜಿಂಕೆ ಕೊಂಬಿನದು. ಅದನ್ನು ಮುಟ್ಟಲಿಲ್ಲ, ವನ್ಯಜೀವಿ ಕಾಯ್ದೆ ಇರುವಾಗ ಅಂಥದ್ದು ಇನ್ನೊಂದು ಎಲ್ಲಿಂದ ತರೋದು? ಆಮೇಲೆ ಹುಬ್ಬಳ್ಳಿಯ ಒಂದು ಲೇತ್ ಅಂಗಡಿಯಲ್ಲಿ ಡೆಲ್ರಿನ್ ಅನ್ನೋ ಗಟ್ಟಿ ಪ್ಲಾಸ್ಟಿಕ್ಕಿನ ತುಂಡುಗಳು ಸಿಕ್ಕವು, ಅಗ್ಗಕ್ಕೆ. ಕಾಕಾ ನಕ್ಕರು: "ಪ್ಲಾಸ್ಟಿಕ್ಕಿಂದು ಜವಾರಿ ಹೆಂಗ ಆಗ್ತದೋ? ಫಾರಂ ಕೋಳಿ ಅದು!" ನಮ್ಮ ಕಡೆ ಜವಾರಿ ಅಂದರೆ ನಾಟಿ ಅಂತಲೂ ಅರ್ಥ.

ಒಣಗಿದ್ದಾಗ ತಿಕ್ಕಿದರೆ ಡೆಲ್ರಿನ್ ಮೇಲೆ ಜುಂಗು ಏಳುತ್ತದೆ. ನೀರು ಹಚ್ಚಿ 1000, ಆಮೇಲೆ 2000 ನಂಬರ್ ಉಜ್ಜುಕಾಗದ. ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದರೆ ತಂತಿ ಎಲ್ಲಿ ಕುದುರೆ ಬಿಟ್ಟು ಏಳುತ್ತದೆ ಅಂತ ಕಾಣುತ್ತದೆ.

ಆದರೂ ಖರ್ಜ, ಅಂದರೆ ತಗ್ಗು ಸ್ವರದ ದಪ್ಪ ತಂತಿ, ಕೈಕೊಟ್ಟಿತು. ಸಿತಾರ್ ವಾದಕ ವಿಲಾಯತ್ ಖಾನರ ಥರ ಆ ದಪ್ಪ ತಂತಿ ಬಿಟ್ಟವರಿಗೆ ಈ ತಲೆನೋವಿಲ್ಲ. ನಮಗೆ ಬಿಡೋಕಾಗಲ್ಲ, ಸಿತಾರ್ ವಾದಕ ರಹಿಮತ್ ಖಾನರು ನೆಲೆಸಿದ, ಖರ್ಜ ಬಾರಿಸುವ ಪರಂಪರೆಯ ಊರು ಅಲ್ವಾ ಇದು. ನಾನು ಇಡೀ ಕುದುರೆಗೆ ಒಂದೇ ಇಳಿಜಾರು ಕೊಡುತ್ತಿದ್ದೆ. ಬಾಜ್ ತಂತಿ ಹಾಡುತ್ತಿತ್ತು, ಖರ್ಜ ಕಂಬಳಿ ಹೊದ್ದು ಮಲಗುತ್ತಿತ್ತು. ಹನ್ನೊಂದನೇ ಕುದುರೆಗೆ ತಲೆಗೆ ಹೋಯಿತು: ಆ ಬದಿಯ ಇಳಿಜಾರೇ ಬೇರೆ. ಎಷ್ಟು ಬೇರೆ ಅಂತ ಹೇಳಲ್ಲ, ಹತ್ತು ಕುದುರೆ ಕೊಟ್ಟು ಕಲಿತದ್ದು.

ನಡುವೆ ಸುಮ್ನೆ ತಂಬೂರಿಯ ಹಾಗೆ ತಂತಿ ಕೆಳಗೆ ನೂಲಿಟ್ಟು ನೋಡಿದೆ. ಎಳೆಯದೆ ಮೀಟಿದರೆ ಚಂದ. ಮೀಂಡ್ ಎಳೆದರೆ ನೂಲು ಜಾರಿ ಎಲ್ಲೋ. ಎರಡು ವಾರ ದಂಡ.

ಈಗಿನ ಕುದುರೆಗೆ ಹದಿನಾಲ್ಕು ತಿಂಗಳಾಯಿತು, ಒಮ್ಮೆ ಮಾತ್ರ ಸವರಿದ್ದೇನೆ. ತರಬಿನ (ತಾನಾಗೇ ಮಿಡಿಯುವ ಕೆಳಗಿನ ತಂತಿಗಳ) ಸಣ್ಣ ಕುದುರೆಗೆ ಈಗಲೂ ಮಿರಜೇ ಗತಿ. ಮೊನ್ನೆ ಸಂಜೆ ಅಪ್ಪ ನನ್ನ ಸಿತಾರ್ ತಗೊಂಡು ಅರ್ಧ ತಾಸು ಆಲಾಪ್ ಬಾರಿಸಿದರು, ಖರ್ಜದಲ್ಲೇ ಜಾಸ್ತಿ ಹೊತ್ತು ನಿಂತರು. ಕೆಳಗಿಟ್ಟು, ಲಯಕ್ಕೆ ಮೀಟುವ ಪಕ್ಕದ ಸಣ್ಣ ತಂತಿಗಳನ್ನು ತೋರಿಸಿ, "ಚಿಕಾರಿ ಇನ್ನೂ ಸರಿ ಇಲ್ಲ" ಅಂದರು. ನಿಜ, ಚಿಕಾರಿ ಇನ್ನೂ ಸರಿ ಇಲ್ಲ.