ಟ್ರೇಲರ್ ಕೊಳ್ಳುವ ಮುನ್ನ ಬಗ್ಗಿ ಅದರ ಕೆಳಗೆ ನೋಡಿ

ಪಿಕಪ್ ಇದ್ದಮೇಲೆ ಟ್ರೇಲರ್ ಯಾಕೆ ಎಂದು ಇಲ್ಲಿ ನಾರ್ತ್ ಕ್ಯಾರೊಲಿನಾದಲ್ಲಿ ಹೊಸದಾಗಿ ಮನೆ ಕೊಂಡವರು ಕೇಳುತ್ತಾರೆ. ಈಗಿನ ಪಿಕಪ್‌ಗಳಲ್ಲಿ ಜನ ಕೂರುವ ಜಾಗ ಬೆಳೆದು, ಸಾಮಾನು ಹೇರುವ ಜಾಗ ಹಲವು ಗಾಡಿಗಳಲ್ಲಿ ಐದು, ಐದೂವರೆ ಅಡಿಗೆ ಇಳಿದಿದೆ. ಎಂಟಡಿಯ ಪ್ಲೈವುಡ್ ಅದರಲ್ಲಿ ಮಟ್ಟಸವಾಗಿ ಮಲಗುವುದಿಲ್ಲ. ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಮಡಚುವ ಮೇಜು, ಸ್ಪೀಕರ್, ಗ್ಯಾಸ್ ಒಲೆ, ಬಿಸಿಬೇಳೆಬಾತಿನ ಪಾತ್ರೆ ಎಲ್ಲವನ್ನೂ ಒಂದೇ ಸಲ ಸಾಗಿಸಬೇಕಾದವರಿಗೆ ಉತ್ತರ ಆಗಲೇ ಗೊತ್ತು.

ಅಂಗಡಿಯಲ್ಲಿ ಎಲ್ಲರೂ ಮೊದಲು ಅಳತೆ ಕೇಳುತ್ತಾರೆ. ಮನೆಬಳಕೆಗೆ 5×8 ಅಡಿ ಸಾಕು, 5×10 ಇನ್ನೂ ಅನುಕೂಲ. ಉದ್ದದ ಟ್ರೇಲರ್ ರಿವರ್ಸ್ ಮಾಡುವಾಗ ನಿಧಾನವಾಗಿ ತಿರುಗುತ್ತದೆ, ಗಿಡ್ಡದ್ದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅಡ್ಡ ತಿರುಗಿಬಿಡುತ್ತದೆ.

ನಿಜವಾಗಿ ಕೇಳಬೇಕಾದದ್ದು ತೂಕ. ಟ್ರೇಲರ್‌ನ ಮುಂಭಾಗದಲ್ಲಿ ಅಂಟಿಸಿರುವ ಫಲಕ ಓದಿ. ಒಂದೇ ಅಚ್ಚಿನ (ಆಕ್ಸಲ್) ಸಣ್ಣ ಟ್ರೇಲರ್‌ಗಳಲ್ಲಿ ಸಾಮಾನ್ಯವಾಗಿ 2,990 ಪೌಂಡ್ ಎಂದಿರುತ್ತದೆ. ಅನೇಕ ರಾಜ್ಯಗಳಲ್ಲಿ 3,000 ಪೌಂಡ್ ದಾಟಿದರೆ ಟ್ರೇಲರ್‌ಗೆ ಪ್ರತ್ಯೇಕ ಬ್ರೇಕ್ ಕಡ್ಡಾಯ, ಅದಕ್ಕೇ ಈ ಹತ್ತು ಪೌಂಡಿನ ಜಾಣತನ. ಫಲಕದ ಅಂಕಿ ಟ್ರೇಲರ್ ಮತ್ತು ಸರಕು ಎರಡೂ ಸೇರಿದ ತೂಕದ ಮಿತಿ. ಟ್ರೇಲರ್ ತಾನೇ 700 ಪೌಂಡ್ ತೂಗಿದರೆ ಸರಕಿಗೆ ಉಳಿಯುವುದು 2,290 ಪೌಂಡ್. ಒಂದು ಘನ ಗಜ ಜಲ್ಲಿಯೇ ಸುಮಾರು 2,800 ಪೌಂಡ್ ತೂಗುತ್ತದೆ! ಗಿಡದ ಬುಡಕ್ಕೆ ಹಾಕುವ ಮರದ ಚಕ್ಕೆಯಾದರೆ ಎರಡು ಗಜ ಧಾರಾಳವಾಗಿ ತರಬಹುದು. ಮಳೆಯಲ್ಲಿ ನೆನೆದ ಚಕ್ಕೆಯಾದರೆ ಒಂದೂವರೆಗೆ ನಿಲ್ಲಿಸಿ. ನಿಮ್ಮ ಪಿಕಪ್ ಎಳೆಯುವ ಮಿತಿಯನ್ನೂ ಕೈಪಿಡಿಯಲ್ಲಿ ನೋಡಿ. ಫೋರ್ಡ್ ಮ್ಯಾವರಿಕ್‌ನಂಥ ಸಣ್ಣ ಪಿಕಪ್‌ನ ಸಾಮಾನ್ಯ ಮಿತಿ 2,000 ಪೌಂಡ್. 4,000 ಎಳೆಯಬೇಕಾದರೆ ಭಾರ ಎಳೆಯಲೆಂದೇ ಇರುವ ಟೋ ಪ್ಯಾಕೇಜ್‌ನ ಗಾಡಿಯೇ ಬೇಕು.

ಹಳೆಯ ಟ್ರೇಲರ್ ನೋಡಲು ಹೋದರೆ ಹೊಸ ಬಣ್ಣಕ್ಕೆ ಮರುಳಾಗಬೇಡಿ. ಜ್ಯಾಕ್ ಕೊಟ್ಟು ಚಕ್ರವನ್ನು ನೆಲದಿಂದ ಎತ್ತಿ, ಕೈಯಿಂದ ತಿರುಗಿಸಿ. ಗರಗರ ಸದ್ದು ಬಂದರೆ ಬೇರಿಂಗ್ ಸವೆದಿದೆ. ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿ. ಲಟಲಟ ಎಂದರೆ ಬೆಲೆ ಇಳಿಸಲು ಅಷ್ಟು ಸಾಕು. ಟೈರಿನ ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ: 3219 ಎಂದರೆ 2019ರ 32ನೆಯ ವಾರ ತಯಾರಾದದ್ದು. ಗೆರೆ ಸವೆಯದಿದ್ದರೂ ಬಿಸಿಲಲ್ಲಿ ನಿಂತೇ ರಬ್ಬರ್ ಬಿರಿದಿರುತ್ತದೆ. ಎಸ್‌ಟಿ ಎಂದು ಬರೆದಿರುವ, ಟ್ರೇಲರ್‌ಗೆಂದೇ ಮಾಡಿದ ಟೈರ್ ಹಾಕಿಸಿ.

ದೀಪಗಳ ತಂತಿಯಲ್ಲಿ ಬಿಳಿ ಗ್ರೌಂಡ್ (ಕರೆಂಟು ಮರಳುವ ದಾರಿ), ಕಂದು ಹಿಂದಿನ ದೀಪಕ್ಕೆ, ಹಳದಿ ಎಡಕ್ಕೆ, ಹಸಿರು ಬಲಕ್ಕೆ. ಬಲಗಡೆಯ ಇಂಡಿಕೇಟರ್ ಹಾಕಿದಾಗ ಎಲ್ಲ ದೀಪಗಳೂ ಮಂಕಾಗಿ ಮಿಣುಕಿದರೆ ಮೊದಲು ಬಿಳಿ ತಂತಿಯನ್ನು ಅನುಮಾನಿಸಿ. ಅದು ಟ್ರೇಲರ್‌ನ ಚೌಕಟ್ಟಿಗೆ ಸೇರುವ ಕಡೆ ಬಣ್ಣ ಕೆರೆದು, ಕಬ್ಬಿಣ ಹೊಳೆಯುವಂತೆ ಮಾಡಿ ಬೋಲ್ಟ್ ಬಿಗಿಯಿರಿ. ಹತ್ತರಲ್ಲಿ ಎಂಟು ಸಲ ಅಲ್ಲಿಗೇ ಮುಗಿಯುತ್ತದೆ.

ಇನ್ನು ಸರಕು ಹೇರುವುದು. ಒಟ್ಟು ತೂಕದ ಶೇ. 10ರಿಂದ 15ರಷ್ಟು ಮೂಕಿಯ, ಅಂದರೆ ಪಿಕಪ್‌ಗೆ ಸಿಕ್ಕಿಸುವ ಟ್ರೇಲರ್‌ನ ಮುಂಗೋಲಿನ, ಮೇಲೆ ಬೀಳಬೇಕು. ಅಂದರೆ ಸರಕಿನ ಹೆಚ್ಚು ಭಾಗ, ಸುಮಾರು ಶೇ. 60, ಅಚ್ಚಿನ ಮುಂದೆ ಇರಬೇಕು. ಎತ್ತಿನ ಗಾಡಿಗೆ ಕಬ್ಬು ಹೇರುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳಿಗೆ ಹಗ್ಗ ಬಿಗಿಯುತ್ತದೆ. ಇಲ್ಲಿ ಎತ್ತಿಲ್ಲ, ಆದರೆ ಹೆದ್ದಾರಿಯಲ್ಲಿ ಟ್ರೇಲರ್ ಎಡಕ್ಕೂ ಬಲಕ್ಕೂ ತೂರಾಡಲು ತೊಡಗುತ್ತದೆ. ಹಾಗಾದರೆ ಸ್ಟೀರಿಂಗ್ ನೇರ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಬ್ರೇಕನ್ನು ಗಟ್ಟಿಯಾಗಿ ತುಳಿಯಬೇಡಿ.

ಟ್ರೇಲರ್‌ಗೆ ನಾನು ಮೊದಲು ಸೇರಿಸುವುದು ಪಕ್ಕದ ಹಲಗೆ. ಅಂಚಿನ ಚೌಕ ಕಿಂಡಿಗಳಿಗೆ ಮರದ ಗೂಟ ಇಳಿಸಿ, ಎರಡಡಿ ಎತ್ತರದ ಪ್ಲೈವುಡ್ ಬಿಗಿದರೆ ಒಣ ಎಲೆ, ಚಕ್ಕೆ ಎಲ್ಲ ನಿಲ್ಲುತ್ತದೆ. ಬೇಡವಾದಾಗ ಕಿತ್ತು ಗೋಡೆಗೆ ಒರಗಿಸಬಹುದು. ನೆಲದ ಹಲಗೆ ಬದಲಿಸುವವರು ಗೆದ್ದಲು, ತೇವ ತಡೆಯುವಂತೆ ಸಂಸ್ಕರಿಸಿದ ಮರವನ್ನೇ ತರುತ್ತಾರೆ. ಆ ಮರದಲ್ಲಿರುವ ತಾಮ್ರದ ಅಂಶ ಬರಿಯ ಕಬ್ಬಿಣವನ್ನು ತಿನ್ನುತ್ತದೆ, ಹಾಗಾಗಿ ದಪ್ಪಗೆ ಸತು ಲೇಪಿಸಿದ (ಹಾಟ್-ಡಿಪ್ ಗ್ಯಾಲ್ವನೈಸ್ಡ್) ಬೋಲ್ಟ್‌ಗಳನ್ನೇ ಕೊಳ್ಳಿ. ಸರಕು ಬಿಗಿಯುವ ಪಟ್ಟಿಗಳನ್ನು ಕಟ್ಟುವ ಬಳೆಗಳನ್ನು ಹಲಗೆಗಲ್ಲ, ಕೆಳಗಿನ ಕಬ್ಬಿಣದ ಚೌಕಟ್ಟಿಗೆ ಬಿಗಿಯಿರಿ. ಸ್ಟೆಪ್ನಿ ಇರಲೇಬೇಕು. ಮೂಕಿಯ ಮೇಲೆ ಸಾಮಾನಿನ ಪೆಟ್ಟಿಗೆ ಕೂರಿಸುವ ಮುನ್ನ ಪಿಕಪ್‌ನ ಹಿಂಬಾಗಿಲು ಇಳಿಸಿ ನೋಡಿ. ಪೆಟ್ಟಿಗೆಗೋ ಜ್ಯಾಕಿಗೋ ಬಡಿದರೆ ಬಾಗಿಲಿಗೆ ಗುಳಿ ಬೀಳುತ್ತದೆ. ಚಿತ್ರವಿಚಿತ್ರ ಎಲ್‌ಇಡಿ ಸಾಲುಗಳಿಗೆ ನನ್ನ ಮತವಿಲ್ಲ.

ಹೊರಡುವ ಮುನ್ನ ಮೂಕಿಯ ತುದಿಯಲ್ಲಿರುವ ಕಪ್ಲರ್ ಮೇಲಿನ ಅಚ್ಚೊತ್ತಿದ ಅಂಕಿಯನ್ನು ಅದು ಕೂರುವ ಪಿಕಪ್‌ನ ಹಿಚ್ ಬಾಲ್‌ನೊಂದಿಗೆ ಹೋಲಿಸಿ: 1-7/8 ಇಂಚಿನ ಬಾಲ್ 2 ಇಂಚಿನ ಕಪ್ಲರ್‌ನಲ್ಲಿ ಕೂತಂತೆ ಕಂಡು, ರಸ್ತೆಯ ಗುಂಡಿಗೆ ಬಿದ್ದು ಹಾರಿದಾಗ ಕಳಚುತ್ತದೆ. ಚಿಲಕ ಹಾಕಿದ ಮೇಲೆ ಮೂಕಿಯ ಜ್ಯಾಕನ್ನು ಮತ್ತೆ ಮೇಲೆತ್ತಿ. ಪಿಕಪ್‌ನ ಹಿಂಭಾಗವೂ ಜೊತೆಗೇ ಎದ್ದರೆ ಸರಿಯಾಗಿ ಸಿಕ್ಕಿದೆ ಎಂದರ್ಥ. ಸರಪಳಿಗಳನ್ನು ಮೂಕಿಯ ಕೆಳಗೆ ಕತ್ತರಿಯಾಗಿ ಹಾಯಿಸಿ. ಹೊಸ ಚಕ್ರ ಹಾಕಿಸಿದ್ದರೆ 50 ಮೈಲಿ ಓಡಿದ ಮೇಲೆ ನಟ್‌ಗಳನ್ನು ಮತ್ತೊಮ್ಮೆ ಬಿಗಿಮಾಡಿ, ಮನೆಯ ಮುಂದೆ ನಿಲ್ಲಿಸುವವರು ಕಪ್ಲರ್‌ಗೆ ಒಂದು ಬೀಗ ಹಾಕಿ.