ಮಳೆಯಲ್ಲಿ ಭುಜದ ಮೈಕ್‌ನ ಮಾತು ಗೊಗ್ಗರಾದರೆ
ತೋಟದಲ್ಲಿ ವಾಕಿಟಾಕಿಗೆ ಭುಜದ ಮೈಕ್ ಸಿಕ್ಕಿಸಿಕೊಳ್ಳುವವರಿಗೆ: ಮಳೆಯಲ್ಲಿ ನಿಮ್ಮ ದನಿ ಆ ಕಡೆಯವರಿಗೆ ಕಂಬಳಿಯೊಳಗಿಂದ ಬಂದ ಹಾಗೆ ಕೇಳಿದರೆ, ಮೈಕ್‌ನ ಮುಖ ಕೆಳಗೆ ಮಾಡಿ ಅಂಗೈಗೆ ನಾಲ್ಕು ಸಲ ತಟ್ಟಿ, ಆಮೇಲೆ ಮಾತಾಡಿ. ಹೆಚ್ಚಿನ ಸಲ ಮೈಕ್ ಹಾಳಾಗಿರುವುದಿಲ್ಲ. ಮುಂದಿನ ಸಣ್ಣ ತೂತಿನಲ್ಲಿ ಒಂದು ಹನಿ ನಿಂತರೂ ಸಾಕು, ದನಿ ಸರಿಯಾಗಿ ಒಳಗೆ ಹೋಗುವುದಿಲ್ಲ. ಮೈಕ್‌ನಲ್ಲೇ ಇರುವ ಸ್ಪೀಕರ್ ಜಾಲರಿಯೂ ಅಷ್ಟೇ, ನೀರು ನಿಂತರೆ ಆ ಕಡೆಯವರ ದನಿ ನಿಮಗೆ ಸರಿಯಾಗಿ ಕೇಳುವುದಿಲ್ಲ. ಆದರೆ ಆ ತೂತಿಗೆ ಸೂಜಿ, ಪಿನ್ ಹಾಕಲೇಬೇಡಿ. ನೀರು ತಡೆಯುವ ಮೈಕ್‌ಗಳಲ್ಲಿ ಒಳಗೆ ತೆಳು ಪೊರೆ ಇರುತ್ತದೆ, ಅದು ಹರಿದರೆ ಮುಗಿಯಿತು. ಕೊಡಗಿನ ಜುಲೈ ಮಳೆಯಲ್ಲಿ ಏನೂ ಒಣಗುವುದಿಲ್ಲ ನಿಜ, ಹಾಗಂತ ಒಲೆ ಮೇಲೆ ನೇತುಹಾಕಬೇಡಿ, ವೈರ್ ಸೆಟೆದುಕೊಂಡು ಬಿರುಕು ಬಿಡುತ್ತದೆ. ಫ್ಯಾನ್ ಗಾಳಿ ಸಾಕು. ತಟ್ಟಿದರೂ ಸರಿಹೋಗದೆ ಕರಕರ ಅಂದರೆ, ಅಥವಾ ಮಾತಾಡುವ ಬಟನ್ ಒತ್ತದೆಯೇ ಸೆಟ್‌ನ (ವಾಕಿಟಾಕಿಯ) ಕೆಂಪು ದೀಪ ಉರಿಯುತ್ತಿದ್ದರೆ, ಅಂದರೆ ಸೆಟ್ ತಾನಾಗಿಯೇ ದನಿ ಕಳಿಸುತ್ತಿದ್ದರೆ, ನೀರು ಪ್ಲಗ್‌ಗೆ ಇಳಿದಿದೆ ಅಂತ ಅನುಮಾನಪಡಿ. ಎರಡು ಪಿನ್ನಿನ ಪ್ಲಗ್‌ಗಳದ್ದು ಇದೇ ಗೋಳು. ತಕ್ಷಣ ಮೈಕ್ ಕಿತ್ತುಬಿಡಿ, ಇಲ್ಲದಿದ್ದರೆ ಚಾನೆಲ್ ಪೂರ್ತಿ ನಿಮ್ಮದೇ ಆಗಿ, ತೋಟದ ಪಕ್ಕದ ಭಾಗದಲ್ಲಿ ಆನೆ ಬಂದಿದೆ ಅಂತ ಹೇಳುವವರಿಗೂ ದಾರಿ ಇರುವುದಿಲ್ಲ. ಸೆಟ್ ಆಫ್ ಮಾಡಿ, ಪಿನ್ನುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಸಿಕ್ಕಿಸಿ. ಅಲ್ಲಿಯವರೆಗೆ ಸೆಟ್ಟಿನ ಮೈಕಿನಲ್ಲೇ ಮಾತಾಡಿ.