ವಿನೈಲ್ ಗೋಡೆಯ ಕಿಟಕಿಗೆ ಹೂಪೆಟ್ಟಿಗೆ: ಭಾರ ಮರದ ಮೇಲಿರಲಿ

ನ್ಯೂಜೆರ್ಸಿಯಿಂದ ಮಿನೆಸೋಟದವರೆಗೆ, ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಎಷ್ಟೋ ಮನೆಗಳ ಹೊರಹೊದಿಕೆ ವಿನೈಲ್ ಸೈಡಿಂಗ್, ಅಂದರೆ ತೆಳು ಪ್ಲಾಸ್ಟಿಕ್ ಹಲಗೆಗಳು. ಚಳಿ ಸರಿದು ಮೇ ತಿಂಗಳು ಕಾಲಿಟ್ಟ ಕೂಡಲೇ ಕಿಟಕಿಯ ಕೆಳಗೊಂದು ಹೂಪೆಟ್ಟಿಗೆ ಇರಬೇಕೆಂಬ ಆಸೆ ಹುಟ್ಟುತ್ತದೆ. ಊರಿನ ಇಟ್ಟಿಗೆ ಗೋಡೆಯಾದರೆ ಡ್ರಿಲ್ ಹಿಡಿದು, ಪ್ಲಗ್ ತೂರಿಸಿ, ಸ್ಕ್ರೂ ಬಿಗಿದರೆ ಕೆಲಸ ಮುಗಿಯಿತು. ವಿನೈಲ್ ಗೋಡೆಗೆ ಆ ಅಭ್ಯಾಸ ಒಗ್ಗುವುದಿಲ್ಲ. ಇಲ್ಲಿ ಗಮನಿಸಬೇಕಾದದ್ದು ಎರಡು: ಭಾರವನ್ನೆಲ್ಲ ಒಳಗಿನ ಮರದ ಕಂಬಗಳು ಹೊರಬೇಕು, ವಿನೈಲ್ ಮಾತ್ರ ತನ್ನ ಪಾಡಿಗೆ ಸರಿದಾಡುತ್ತಿರಬೇಕು.

ಗೋಡೆಯೊಳಗೆ ಏನಿದೆ

ವಿನೈಲ್ ಹಲಗೆಯ ದಪ್ಪ ಸುಮಾರು ಒಂದು ಮಿಲಿಮೀಟರ್. ಅದರ ಹಿಂದೆ ಒಂದಿಷ್ಟು ಪೊಳ್ಳು, ನಂತರ ನೀರು ತಡೆಯುವ ಹಾಳೆ, ಅದರ ಹಿಂದೆ ಅರ್ಧ ಇಂಚಿಗೂ ತುಸು ಕಡಿಮೆ ದಪ್ಪದ ಮರದ ಹಾಳೆ, ಅದಕ್ಕೂ ಹಿಂದೆ ಸಾಮಾನ್ಯವಾಗಿ 16 ಇಂಚಿಗೊಂದರಂತೆ ನಿಂತ ಕಂಬಗಳು. ಇವನ್ನು ಸ್ಟಡ್ ಎನ್ನುತ್ತಾರೆ. ವಿನೈಲ್ ಈ ಗೋಡೆಯ ಮೇಲೆ ಪರದೆಯ ಹಾಗೆ ಸಡಿಲವಾಗಿ ತೂಗುತ್ತಿರುತ್ತದೆ. ಹಲಗೆಯ ಮೇಲಂಚಿನ ಉದ್ದುದ್ದ ತೂತುಗಳಲ್ಲಿ ಮೊಳೆಗಳನ್ನು ಪೂರ್ತಿ ಬಡಿಯದೆ ಬಿಟ್ಟಿರುತ್ತಾರೆ. ಬೇಸಿಗೆಗೂ ಚಳಿಗಾಲಕ್ಕೂ ನಡುವೆ 12 ಅಡಿಯ ಒಂದು ಹಲಗೆಯ ಉದ್ದ ಅರ್ಧ ಇಂಚಿನಷ್ಟು ಬದಲಾಗುವುದೇ ಇದಕ್ಕೆ ಕಾರಣ. ಪೆಟ್ಟಿಗೆ ಹೊರುವ ಬ್ರಾಕೆಟ್‌ನಿಂದ ಅದನ್ನು ಒತ್ತಿ ಹಿಡಿದರೆ ಜುಲೈ ಬಿಸಿಲಿಗೆ ಉಬ್ಬಿ ಅಲೆಯಾಗುತ್ತದೆ, ಜನವರಿಯ ಚಳಿಗೆ ತೂತಿನಿಂದಲೇ ಸೀಳುತ್ತದೆ.

ಭಾರದ ಲೆಕ್ಕವನ್ನೂ ಮೊದಲೇ ಮಾಡಿಕೊಳ್ಳಿ. ಮೂರು ಅಡಿ ಉದ್ದ, ಎಂಟು ಇಂಚು ಅಗಲ, ಎಂಟು ಇಂಚು ಆಳದ ಪೆಟ್ಟಿಗೆಯಲ್ಲಿ ಸುಮಾರು 38 ಲೀಟರ್ ಮಣ್ಣು ಹಿಡಿಸುತ್ತದೆ. ಕುಂಡದ ಹಗುರ ಮಿಶ್ರಣವನ್ನೇ ತುಂಬಿದರೂ, ನೀರು ಕುಡಿದ ಮೇಲೆ ಪೆಟ್ಟಿಗೆಯೂ ಸೇರಿ 40 ಕಿಲೋ ಆಸುಪಾಸಿಗೆ ಬರುತ್ತದೆ. ಡ್ರಿಲ್ ಬೇಡವೆಂದು ಸೈಡಿಂಗ್‌ನ ಸಂದಿಗೆ ಸಿಕ್ಕಿಸುವ ಪುಟ್ಟ ಉಕ್ಕಿನ ಕೊಕ್ಕೆಗಳು ಅಂಗಡಿಯಲ್ಲಿ ಸಿಗುತ್ತವೆ. ನಾಮಫಲಕ, ಬಾಗಿಲ ತೋರಣ, ಸಣ್ಣ ದೀಪದ ಸರಕ್ಕೆ ಅವು ಸರಿ. ಮಣ್ಣು ತುಂಬಿದ ಪೆಟ್ಟಿಗೆಗೆ ಅವನ್ನು ನಂಬಲೇಬೇಡಿ. ಕೆಳಗೆ ಮಕ್ಕಳು ಆಡುವ ಜಾಗವಿದ್ದರಂತೂ ಆ ಯೋಚನೆಯೇ ಬೇಡ.

ಡ್ರಿಲ್ ಹಿಡಿಯುವ ಮೊದಲು

ಟೌನ್‌ಹೌಸ್ ಆಗಿದ್ದರೆ ಮನೆಮಾಲೀಕರ ಸಂಘದ ಲಿಖಿತ ಒಪ್ಪಿಗೆ ಪಡೆಯಿರಿ. ಹೊರಗೋಡೆ ಎಷ್ಟೋ ಕಡೆ ಸಂಘದ ಸುಪರ್ದಿಯಲ್ಲೇ ಇರುತ್ತದೆ. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿ.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ದೊಡ್ಡದು. 1980ಕ್ಕೂ ಹಿಂದಿನ ಮನೆಯಾದರೆ, ಹಳೆಯ ಹೊದಿಕೆಯನ್ನು ಕೀಳದೆ ಅದರ ಮೇಲೆಯೇ ವಿನೈಲ್ ಹೊದಿಸಿರಬಹುದು. ಆ ಹಳೆಯದು ಕಲ್ನಾರು (ಆಸ್ಬೆಸ್ಟಾಸ್) ಸಿಮೆಂಟಿನ ಹಲಗೆಯಾಗಿದ್ದರೆ ಡ್ರಿಲ್ ಮಾಡಿದಾಗ ಏಳುವ ಧೂಳು ಶ್ವಾಸಕೋಶಕ್ಕೆ ವಿಷ. ಹಲಗೆಯ ಕೊಂಡಿ ಬಿಡಿಸಲು ಜಿಪ್ ಟೂಲ್ ಎಂಬ ಅಗ್ಗದ ಸಲಕರಣೆ ಸಿಗುತ್ತದೆ. ಅದರಿಂದ ಒಂದು ಸಾಲನ್ನು ಬಿಡಿಸಿ ಒಳಗೆ ಇಣುಕಿ ನೋಡಿ. ಸಿಮೆಂಟಿನಂಥ ಗಡಸು ಹಲಗೆ ಕಂಡರೆ, ಅದು ಯಾವ ಬಣ್ಣದ್ದೇ ಇರಲಿ, ಕೆಲಸ ನಿಲ್ಲಿಸಿ, ಪರಿಣತರಿಂದ ಪರೀಕ್ಷೆ ಮಾಡಿಸಿ. ಹಿಂದೆ ಫೋಮ್ ಹಾಳೆ ಇದ್ದರೂ ಈಗಲೇ ಗೊತ್ತಾಗುತ್ತದೆ. ಆಗ ಸ್ಕ್ರೂ ಆ ಫೋಮ್‌ನ ದಪ್ಪದಷ್ಟು ಹೆಚ್ಚು ಉದ್ದವಿರಬೇಕು.

ತೀರಾ ಚಳಿಯ ದಿನ ಈ ಕೆಲಸ ಬೇಡ. ತಣ್ಣಗಾದ ವಿನೈಲ್ ಪೆಡಸಾಗಿರುತ್ತದೆ, ಡ್ರಿಲ್ ತಾಗಿದರೆ ಚಕ್ಕೆಯೇಳುತ್ತದೆ.

ಕಂಬ ಹುಡುಕುವುದು

ಸ್ಟಡ್ ಹುಡುಕುವ ಯಂತ್ರ ವಿನೈಲ್ ಮೇಲೆ ಕೈಕೊಡುತ್ತದೆ, ಹಿಂದಿನ ಪೊಳ್ಳು ಅದನ್ನು ದಾರಿತಪ್ಪಿಸುತ್ತದೆ. ಮನೆಯ ಒಳಗಿನಿಂದ ಕಿಟಕಿಯ ಕೆಳಗಿನ ಗೋಡೆಯನ್ನು ಪರೀಕ್ಷಿಸಿ. ಪ್ರತಿ ಕಂಬದ ನಡುಭಾಗ ಕಿಟಕಿಯ ಗಾಜಿನ ಅಂಚಿನಿಂದ ಎಷ್ಟು ದೂರವಿದೆ ಎಂದು ಬರೆದುಕೊಳ್ಳಿ. ಗಾಜಿನ ಅಂಚು ಒಳಗೂ ಹೊರಗೂ ಒಂದೇ ಕಡೆ ಇರುವುದರಿಂದ ಅದೇ ಅಳತೆಯನ್ನು ಹೊರಗೆ ಗುರುತಿಸಬಹುದು. ಎಡಬಲ ಅದಲುಬದಲಾಗುತ್ತದೆ ಎಂಬುದು ನೆನಪಿರಲಿ. ಕಿಟಕಿಯ ಎರಡೂ ಪಕ್ಕದಲ್ಲಿ ಜೋಡಿ ಕಂಬಗಳಿರುವುದು ರೂಢಿ. ಪೆಟ್ಟಿಗೆ ಕಿಟಕಿಯಷ್ಟೇ ಅಗಲವಿದ್ದರೆ ಅವೇ ಎಲ್ಲಕ್ಕಿಂತ ಗಟ್ಟಿಯಾದ ಆಸರೆ.

ಒಳಗೋಡೆಯಲ್ಲಿ ಪ್ಲಗ್ ಪಾಯಿಂಟ್ ಇದೆಯೇ ನೋಡಿ. ತಂತಿಗಳು ಹಲವು ಕಡೆ ಆ ಎತ್ತರದ ಆಸುಪಾಸಿನಲ್ಲಿ ಕಂಬಗಳನ್ನು ಕೊರೆದುಕೊಂಡು ಅಡ್ಡಲಾಗಿ ಹಾಯುತ್ತವೆ. ಆ ಮಟ್ಟವನ್ನು ತಪ್ಪಿಸಿ, ಕೆಲಸದ ಹೊತ್ತಿಗೆ ಆ ಕೋಣೆಯ ಬ್ರೇಕರ್ ಆರಿಸಿಡಿ.

ಕಿಟಕಿಯ ಚೌಕಟ್ಟಿಗಾಗಲಿ, ಅದರ ಸುತ್ತಲಿನ ವಿನೈಲ್ ಕಾಲುವೆಗಾಗಲಿ ಸ್ಕ್ರೂ ಹೊಡೆಯಬೇಡಿ. ಚೌಕಟ್ಟು ಒಳಗೆ ಟೊಳ್ಳು. ಕಾಲುವೆ ಇರುವುದು ಮಳೆನೀರು ಇಳಿದುಹೋಗಲಿಕ್ಕೆ. ಪೆಟ್ಟಿಗೆಯ ಬಾಯಿ ಕಿಟಕಿಯ ಕೆಳ ಅಂಚಿಗಿಂತ ಐದಾರು ಇಂಚು ಕೆಳಗಿದ್ದರೆ ಗಿಡ ಬೆಳೆದ ಮೇಲೂ ಬೆಳಕಿಗೆ ಅಡ್ಡಿಯಾಗದು. ಹೊರಕ್ಕೆ ತೆರೆಯುವ ಕಿಟಕಿಯಾದರೆ ಇನ್ನೂ ಕೆಳಗಿಳಿಸಬೇಕು.

ತೂತು, ಟ್ಯೂಬು, ಸ್ಕ್ರೂ

ಇಡೀ ಕೆಲಸದ ಜೀವಾಳ ಇದು, ನಿಧಾನಿಸಿ ಮಾಡಿ.

ಬ್ರಾಕೆಟ್ ಆರಿಸುವಾಗ ಗೋಡೆಗೆ ಒರಗುವ ತೋಳು ಉದ್ದವಿರುವುದನ್ನೇ ಕೊಳ್ಳಿ. ಮೇಲಿನ ಮತ್ತು ಕೆಳಗಿನ ಸ್ಕ್ರೂಗಳ ನಡುವಿನ ಅಂತರ ದುಪ್ಪಟ್ಟಾದರೆ ಮೇಲಿನ ಸ್ಕ್ರೂವನ್ನು ಗೋಡೆಯಿಂದ ಕೀಳುವ ಎಳೆತ ಅರ್ಧಕ್ಕಿಳಿಯುತ್ತದೆ. ಮೊದಲ ಬ್ರಾಕೆಟ್ ಹಿಡಿದು ಗುರುತು ಹಾಕಿ, ರಸಮಟ್ಟ ಇಟ್ಟು ಎರಡನೆಯದರ ಗುರುತು ಹಾಕಿ.

ಈಗ ವಿನೈಲ್‌ನಲ್ಲಿ ಮಾತ್ರ ದೊಡ್ಡ ತೂತು ಕೊರೆಯಿರಿ. ಬ್ರಾಕೆಟ್‌ಗೂ ಮರದ ಹಾಳೆಗೂ ನಡುವೆ ಸ್ಕ್ರೂವನ್ನು ಸುತ್ತುವರಿದು ಕೂರುವ ಟ್ಯೂಬಿನ ಸುತ್ತ ಕಾಲು ಇಂಚು ಜಾಗ ಉಳಿಯಬೇಕು. 3/8 ಇಂಚಿನ ಟ್ಯೂಬಾದರೆ ತೂತು 7/8 ಇಂಚು. ಡ್ರಿಲ್ ನಿಧಾನವಾಗಿ ತಿರುಗಲಿ, ವಿನೈಲ್ ದಾಟಿದೊಡನೆ ನಿಲ್ಲಿಸಿ. ಹಿಂದಿನ ನೀರು ತಡೆಯುವ ಹಾಳೆ ಹರಿಯಬಾರದು. ಆ ದೊಡ್ಡ ತೂತಿನ ನಡುವೆ, 1/4 ಇಂಚಿನ ಲ್ಯಾಗ್ ಸ್ಕ್ರೂಗೆಂದು (ಮರಕ್ಕೆ ಹಾಕುವ ದಪ್ಪ ಸ್ಕ್ರೂ) 5/32 ಇಂಚಿನ ಸಣ್ಣ ತೂತನ್ನು ಕಂಬದೊಳಕ್ಕೆ ಇಳಿಸಿ. ಬಿಟ್‌ಗೆ ಅಂಟಿ ಬರುವ ಮರದ ಪುಡಿಯನ್ನು ಗಮನಿಸಿ. ಮರದ ಹಾಳೆ ದಾಟಿದ ಮೇಲೂ ಬಿಗಿಯಾಗಿ ಕೊರೆಯುತ್ತಿದ್ದು ಬಿಳಿ ಪುಡಿ ಬರುತ್ತಿದ್ದರೆ ಕಂಬ ಸಿಕ್ಕಿತೆಂದೇ ಅರ್ಥ. ಬಿಟ್ ಸರಕ್ಕನೆ ಒಳಗೆ ಹೋದರೆ ಗುರಿ ತಪ್ಪಿದೆ. ಆ ತೂತಿಗೆ ಸೀಲಂಟ್ ತುಂಬಿ ಮತ್ತೆ ಅಳೆಯಿರಿ.

ಒಂದು ತೆಳ್ಳನೆಯ ಕಡ್ಡಿಯನ್ನು ದೊಡ್ಡ ತೂತಿನಲ್ಲಿ ಇಳಿಬಿಟ್ಟು, ವಿನೈಲ್ ಮುಖದಿಂದ ಮರದ ಹಾಳೆಯವರೆಗಿನ ಆಳ ಅಳೆಯಿರಿ. ವಿನೈಲ್ ಮುಖ ಓರೆಯಾಗಿರುವುದರಿಂದ ಪ್ರತಿ ತೂತಿನ ಆಳವೂ ಬೇರೆ. ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚಿನ ಆಳಕ್ಕಿಂತ ಒಂದೆರಡು ಮಿಲಿಮೀಟರ್ ಹೆಚ್ಚಿಗೆ ಅಲ್ಯೂಮಿನಿಯಂ ಟ್ಯೂಬ್ ಕತ್ತರಿಸಿ. ಬ್ರಾಕೆಟ್ ಒಂದೇ ಪಾತಳಿಯಲ್ಲಿ ನಿಲ್ಲಬೇಕಾದ್ದರಿಂದ, ಆಳ ಕಡಿಮೆ ಇರುವ ತೂತಿನ ಟ್ಯೂಬನ್ನೂ ಅದೇ ಉದ್ದಕ್ಕೆ ಕತ್ತರಿಸಿ. ಬಿಗಿತವನ್ನೆಲ್ಲ ಈ ಟ್ಯೂಬ್ ನೇರವಾಗಿ ಮರಕ್ಕೆ ದಾಟಿಸುತ್ತದೆ. ಟ್ಯೂಬ್ ಇಲ್ಲದೆ ಬಿಗಿದರೆ ವಿನೈಲ್ ತಟ್ಟೆಯಂತೆ ಒಳಕ್ಕೆ ಕುಸಿಯುತ್ತದೆ.

ಸಣ್ಣ ತೂತಿಗೂ ಟ್ಯೂಬಿನ ಬುಡಕ್ಕೂ ಪಾಲಿಯುರಿಥೇನ್ ಸೀಲಂಟ್ ಧಾರಾಳವಾಗಿ ಹಾಕಿ. ನೀರು ತಡೆಯಬೇಕಾದ ಜಾಗ ಅದೇ. ವಿನೈಲ್ ಹಿಂದಕ್ಕೆ ಒಂದಿಷ್ಟು ಮಳೆನೀರು ಹೋಗುವುದು, ಕೆಳಗಿನ ಸಣ್ಣ ರಂಧ್ರಗಳಿಂದ ಹೊರಬರುವುದು ಸಹಜ. ಹೊರಗಿನ ದೊಡ್ಡ ತೂತನ್ನು ಸೀಲಂಟ್‌ನಿಂದ ಮೆತ್ತಿದರೆ ಸಡಿಲ ಬಿಟ್ಟ ಶ್ರಮವೆಲ್ಲ ವ್ಯರ್ಥ. ಅದನ್ನು ಅಗಲ ವಾಷರ್ ಒಂದರಿಂದ ಮರೆಮಾಡಿದರೆ ಸಾಕು.

ಸ್ಕ್ರೂ ಸ್ಟೇನ್‌ಲೆಸ್ ಉಕ್ಕಿನದೇ ಆಗಲಿ. ಕಂಬದೊಳಕ್ಕೆ ಒಂದೂವರೆ ಇಂಚು ಇಳಿಯಬೇಕು. ಬ್ರಾಕೆಟ್, ಟ್ಯೂಬ್, ಮರದ ಹಾಳೆ ಎಲ್ಲ ಕೂಡಿದರೆ ಸಾಮಾನ್ಯವಾಗಿ ಮೂರು, ಮೂರೂವರೆ ಇಂಚಿನ ಸ್ಕ್ರೂ ಬೇಕಾಗುತ್ತದೆ. ಬಿಗಿದ ಮೇಲೆ ವಿನೈಲ್ ಹಲಗೆಯನ್ನು ಅಂಗೈಯಿಂದ ಎಡಕ್ಕೂ ಬಲಕ್ಕೂ ತಳ್ಳಿ ನೋಡಿ. ಅದು ತುಸು ಜಾರಿದರೆ ಕೆಲಸ ಸರಿಯಾಗಿದೆ.

ನಾಲ್ಕು ಅಡಿಗೂ ಉದ್ದದ ಪೆಟ್ಟಿಗೆಗೆ ಮೂರನೆಯ ಬ್ರಾಕೆಟ್ ಸೇರಿಸಿ. ಎರಡನೇ ಮಹಡಿಯ ಕೆಲಸವನ್ನು ಅನುಭವಿ ಬಡಗಿಗೆ ಒಪ್ಪಿಸಿ.

ಪೆಟ್ಟಿಗೆ ಮತ್ತು ಗಿಡ

ಪೆಟ್ಟಿಗೆಯ ಬೆನ್ನಿಗೂ ಗೋಡೆಗೂ ಒಂದು ಇಂಚು ಗಾಳಿಯಾಡಲು ಬಿಡಿ. ತಳದ ತೂತುಗಳು ಮುಂದಿನ ಅಂಚಿನ ಕಡೆ ಇದ್ದರೆ ಮಣ್ಣುನೀರು ಗೋಡೆಗೆ ಕಲೆ ಹಚ್ಚುವುದಿಲ್ಲ. ಗಾಳಿಗೆ ಹಾರದಂತೆ ಪೆಟ್ಟಿಗೆಯನ್ನು ಕೆಳಗಿನಿಂದ ಬ್ರಾಕೆಟ್‌ಗೆ ಸ್ಕ್ರೂ ಮಾಡಿ, ಮಣ್ಣನ್ನು ಆಮೇಲೆ ತುಂಬಿ.

ದಕ್ಷಿಣದ ಕಿಟಕಿಗೆ ಚೆಂಡುಹೂವು, ಪೆಟುನಿಯಾ ಚೆನ್ನಾಗಿ ಒಗ್ಗುತ್ತವೆ. ಉತ್ತರದ ಕಿಟಕಿಗೆ ಬಿಗೋನಿಯಾ, ಕೋಲಿಯಸ್. ಕನಕಾಂಬರ, ತುಳಸಿ ಇಲ್ಲಿನ ಬೇಸಿಗೆಯಲ್ಲಿ ಖುಷಿಯಾಗಿ ಬೆಳೆಯುತ್ತವೆ, ಆದರೆ ಇಬ್ಬನಿ ಹೆಪ್ಪುಗಟ್ಟುವ ಒಂದು ರಾತ್ರಿ ಸಾಕು, ಎರಡೂ ಸಾಯುತ್ತವೆ. ಅಕ್ಟೋಬರ್‌ಗೆ ಮುನ್ನ ಕುಂಡಕ್ಕೆ ಬದಲಿಸಿ ಒಳಗೆ ತನ್ನಿ. ಅಡುಗೆಮನೆಯ ಕಿಟಕಿಯಾದರೆ ಮೆಂತ್ಯ, ಕೊತ್ತಂಬರಿ ಬಿತ್ತುವುದು ನನಗೆ ಇನ್ನೂ ಇಷ್ಟ. ಕೈ ಚಾಚಿದರೆ ಸೊಪ್ಪು ಸಿಗುತ್ತದೆ.

ಹಿಮ ಬೀಳುವ ಮೊದಲು ಮಣ್ಣನ್ನು ತೆಗೆದುಬಿಡಿ. ನೆನೆದ ಮಣ್ಣು ಹೆಪ್ಪುಗಟ್ಟಿದರೆ ಹಿಗ್ಗಿ ಪೆಟ್ಟಿಗೆಯ ಮೂಲೆಗಳನ್ನು ಒಡೆಯುತ್ತದೆ, ಮೇಲೆ ಹಿಮದ ಭಾರ ಬೇರೆ. ಏಪ್ರಿಲ್‌ನಲ್ಲಿ ಹೊಸ ಮಣ್ಣು ತುಂಬುವ ಮುನ್ನ ಬ್ರಾಕೆಟ್ ಹಿಡಿದು ಅಲ್ಲಾಡಿಸಿ, ಸಡಿಲವಾದ ಸ್ಕ್ರೂ ಇದ್ದರೆ ಬಿಗಿಮಾಡಿ.